ಕರಿಯನನ್ನು ಕಳುಹಿಸಿಕೊಡುವ ಮುನ್ನ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಮ್ಮ ಮುದಿ ನಾಯಿ ಕರಿಯನಿಗೆ ಮನೆಯಲ್ಲೇ ದಯಾಮರಣ ಕೊಡಿಸುವುದೆಂದು ನಾನೂ ಅಪ್ಪನೂ ನಿರ್ಧರಿಸಿದ್ದೇವೆ. ಫೋನಿನಲ್ಲಿ ನೀನು ಅತ್ತಾಗ ನನಗೂ ಮಾತು ಮುಂದುವರಿಸಲಾಗಲಿಲ್ಲ. ಆದ್ದರಿಂದ ಆ ದಿನ ಏನೇನು ನಡೆಯುತ್ತದೆ ಎಂಬುದನ್ನು ಡಾಕ್ಟರಲ್ಲಿ ಕೇಳಿ ತಿಳಿದು ಬರೆಯುತ್ತಿದ್ದೇನೆ.

ಅವನ ಮೂತ್ರಪಿಂಡಗಳು ಪೂರ್ತಿ ಸೋತಿವೆ. ವಯಸ್ಸಾದ ನಾಯಿಯಲ್ಲಿ ಹೀಗೆ ನಿಧಾನವಾಗಿ ಹಾಳಾದ ಮೂತ್ರಪಿಂಡ ಮತ್ತೆ ಮೊದಲಿನಂತಾಗುವುದಿಲ್ಲ. ಚರ್ಮದಡಿಗೆ ಸಲೈನ್ ಹಾಕಿ, ವಾಂತಿಗೆ ಮಾತ್ರೆ ಕೊಟ್ಟು ಸ್ವಲ್ಪ ಕಾಲ ಹಾಯಾಗಿಡಬಹುದು, ಅಷ್ಟೆ. ಆ ಕಾಲ ಮುಗಿಯಿತು. ನಾಲಿಗೆಯ ಅಂಚಿನಲ್ಲಿ ಹುಣ್ಣೆದ್ದಿದೆ, ಉಸಿರಿಗೆ ಮೂತ್ರದ ಘಾಟು ಬಂದಿದೆ, ಹಂದಿಮಾಂಸದ ತುಂಡನ್ನೂ ಮೂಸಿ ಮುಖ ತಿರುಗಿಸುತ್ತಾನೆ. ಆದರೂ ಅಪ್ಪನ ಜೀಪಿನ ಸದ್ದು ಕೇಳಿದರೆ ಮಲಗಿದಲ್ಲೇ ಬಾಲ ಬಡಿಯುತ್ತಾನೆ. ಬಾಲ ಆಡಿಸುವವನನ್ನು ಹೇಗೆ ಕಳುಹಿಸುವುದು ಎಂದು ನೀನು ಕೇಳಿದೆ. ಅದೂ ನಿಲ್ಲುವವರೆಗೆ ಕಾದರೆ, ಕಕ್ಕಡ ತಿಂಗಳ ಮಳೆಯಲ್ಲಿ, ಕರೆಂಟಿಲ್ಲದ ಯಾವುದೋ ನಡುರಾತ್ರಿಯಲ್ಲಿ ಅವನಿಗೆ ಫಿಟ್ಸ್ ಬಂದೀತು, ರಸ್ತೆಗೆ ಮರ ಬಿದ್ದಿದ್ದರೆ ಡಾಕ್ಟರೂ ಬರಲಾರರು. ನಮ್ಮ ಗುರುತು ಹಿಡಿಯುವಾಗಲೇ ಹೋಗಲಿ ಎಂಬುದು ನನ್ನ ಆಸೆ.

ನಿನ್ನ ದೊಡ್ಡಪ್ಪ ಕೋವಿಯ ಮಾತೆತ್ತಿದರು. ಅವರ ಕಾಲದಲ್ಲಿ ಕರೆದರೆ ತೋಟಕ್ಕೆ ಬರುವ ಪಶುವೈದ್ಯರಿರಲಿಲ್ಲ, ಅವರ ಮಾತಿನಲ್ಲಿ ಕ್ರೌರ್ಯವೂ ಇರಲಿಲ್ಲ. ನಾನು ಬೇಡವೆಂದೆ, ಒಪ್ಪಿದರು.

ಕೊಡುವುದು ವಿಷವೇ ಎಂದೂ ನೀನು ಕೇಳಿದ್ದೆ. ಹಿಂದೆ ನಾಯಿಗಳ ಎದೆಗೆ ಸ್ಟ್ರಿಕ್ನೀನ್ ಚುಚ್ಚಿ ಕೊಲ್ಲುತ್ತಿದ್ದುದುಂಟು. ಪ್ರಜ್ಞೆಯಿರುವಾಗಲೇ ಮೈಯೆಲ್ಲ ಸೆಟೆದುಕೊಳ್ಳುವಂತೆ ಮಾಡುವ ವಿಷ ಅದು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ ಪ್ರಕಾರ ಅದು ಅಪರಾಧ. ಕರಿಯನಿಗೆ ಕೊಡುವುದು ಥಯೊಪೆಂಟೋನ್, ಮನುಷ್ಯರ ಶಸ್ತ್ರಚಿಕಿತ್ಸೆಯಲ್ಲೂ ಬಳಸುತ್ತ ಬಂದ ಅರಿವಳಿಕೆ.

ಮೊದಲು ತೊಡೆಗೆ ಮತ್ತಿನ ಇಂಜೆಕ್ಷನ್ ಕೊಡುತ್ತಾರೆ. ಅವನಿಗೆ ತಿಳಿಯುವ ನೋವು ಆ ಸೂಜಿಯದ್ದು ಮಾತ್ರ. ಹತ್ತು ಹದಿನೈದು ನಿಮಿಷಗಳಲ್ಲಿ ಗಾಢ ನಿದ್ದೆ ಹತ್ತುತ್ತದೆ, ಕೆಲವು ನಾಯಿಗಳು ಆಗ ಒಮ್ಮೆ ವಾಂತಿ ಮಾಡುವುದುಂಟು. ಅವನಿಗೆ ಹೇಳಬೇಕಾದದ್ದನ್ನು ಅಷ್ಟರೊಳಗೆ ಹೇಳಿಬಿಡು. ಅನಂತರ ಮುಂಗಾಲಿನ ಕೂದಲನ್ನು ಸ್ವಲ್ಪ ಬೋಳಿಸಿ, ರಕ್ತನಾಳಕ್ಕೆ ಸಣ್ಣ ನಳಿಗೆ ಕೂರಿಸಿ, ಟೇಪು ಸುತ್ತಿ, ಅದರ ಮೂಲಕ ಅರಿವಳಿಕೆಯನ್ನು ಅತಿಯಾದ ಪ್ರಮಾಣದಲ್ಲಿ ಬಿಡುತ್ತಾರೆ. ಮೊದಲು ಅರಿವು, ಆಮೇಲೆ ಉಸಿರು, ಕೊನೆಗೆ ಹೃದಯ ನಿಲ್ಲುತ್ತದೆ; ಎಲ್ಲ ಸೇರಿ ಕೆಲವೇ ನಿಮಿಷ.

ಇಲ್ಲಿಂದ ಮುಂದಕ್ಕೆ ನೀನು ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಅವನ ಕಣ್ಣು ತೆರೆದೇ ಇರುತ್ತದೆ. ಎಲ್ಲ ಮುಗಿದ ಮೇಲೂ ಒಂದೆರಡು ಸಲ ಎದೆಯುಬ್ಬಿ ಉಸಿರೆಳೆದಂತೆ ಕಾಣಬಹುದು, ಮೈ ಅದುರಬಹುದು, ಮಲಮೂತ್ರ ಹೊರಬರಬಹುದು. ಇವನ್ನು ಮೊದಲೇ ತಿಳಿದಿರದವರು ಜೀವ ಇನ್ನೂ ಒದ್ದಾಡುತ್ತಿದೆ ಎಂದು ಭಾವಿಸಿ, ಆ ನೆನಪನ್ನು ಬಹಳ ಕಾಲ ಹೊತ್ತು ತಿರುಗುತ್ತಾರೆ. ಆದರೆ ಅವನಿಗೆ ಆಗ ಏನೂ ತಿಳಿಯುವುದಿಲ್ಲ, ಅದು ಬರಿಯ ನರ ಮತ್ತು ಸ್ನಾಯುಗಳ ಮಿಡಿತ. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ನೋಡಿ ಹೇಳುವವರೆಗೆ ಅವನ ತಲೆ ನಿನ್ನ ಮಡಿಲಲ್ಲಿರಲಿ. ನೋಡಲಾಗದಿದ್ದರೆ ಎದ್ದು ಹೋಗು, ಯಾರೂ ತಪ್ಪು ತಿಳಿಯುವುದಿಲ್ಲ, ನಾನು ಅಲ್ಲಿಯೇ ಕುಳಿತಿರುತ್ತೇನೆ.

ಜಗಲಿಯಲ್ಲಿ ಅವನು ದಿನವೂ ಮಲಗುವ ಗೋಣಿಯ ಮೇಲೆಯೇ ಎಲ್ಲವೂ ನಡೆಯಲಿ ಎಂದಿದ್ದೇನೆ, ಅಡಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದರಾಯಿತು. ಮುಗಿದ ಮೇಲೆ ಇನ್ನೊಂದು ನಾಯಿ ಚಿನ್ನಿಯನ್ನು ಹತ್ತಿರ ಬಿಟ್ಟು ಮೂಸಿ ನೋಡಲು ಕೊಡಬೇಕು. ಇಲ್ಲವಾದರೆ ಅದು ದಿನವೂ ಅವನನ್ನು ಹುಡುಕುತ್ತ ತೋಟ ಸುತ್ತಬಹುದು.

ಗದ್ದೆಯ ಬದಿಯಲ್ಲಿ, ನೀನು ಅವನೊಡನೆ ಆಡುತ್ತಿದ್ದ ಜಾಗದಲ್ಲೇ ಹೂಳಬೇಕೆಂದು ನೀನು ಬಯಸಿದ್ದು ಗೊತ್ತು. ಅಲ್ಲಿ ಬೇಡ ಮಗಳೇ. ಮಳೆ ಹಿಡಿದರೆ ಅಲ್ಲಿ ನೀರು ಮೇಲಕ್ಕೇ ಬರುತ್ತದೆ, ತೋಡೂ ಹತ್ತಿರ. ಆ ಮದ್ದು ಅವನ ದೇಹದಲ್ಲಿ ಉಳಿಯುತ್ತದೆ. ನರಿಯೋ ಕಾಡುಹಂದಿಯೋ ಅಗೆದು ತಿಂದರೆ ಅವಕ್ಕೂ ಅಪಾಯ. ಬಾವಿಗೂ ತೋಡಿಗೂ ದೂರವಾಗಿ, ಮೇಲಿನ ಬಾಣೆಯ ಎತ್ತರದ ನೆಲದಲ್ಲಿ, ಹಲಸಿನ ಮರದಾಚೆ ಅಪ್ಪ ನಾಲ್ಕಡಿಗೂ ಆಳವಾಗಿ ಗುಂಡಿ ತೋಡಿಸುತ್ತಿದ್ದಾರೆ. ಮಣ್ಣು ಮುಚ್ಚಿದ ಮೇಲೆ ಹೇರಲು ದಪ್ಪ ಕಲ್ಲುಗಳನ್ನೂ ತರಿಸಿದ್ದಾರೆ.

ಡಾಕ್ಟರು ಭಾನುವಾರ ಬೆಳಿಗ್ಗೆ ಗೋಣಿಕೊಪ್ಪದಿಂದ ಬರುತ್ತಾರೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಮೈಸೂರಿನಿಂದ ಹೊರಡು, ಅಪ್ಪ ಜೀಪು ತಂದು ಸ್ಟ್ಯಾಂಡಿನಲ್ಲಿರುತ್ತಾರೆ. ಪರೀಕ್ಷೆಯಿಂದಾಗಿ ಬರಲಾಗದಿದ್ದರೆ ಶುಕ್ರವಾರದೊಳಗೆ ತಿಳಿಸು. ಅವನ ಸ್ಥಿತಿ ನೋಡಿ, ಒಂದೆರಡು ದಿನ ಮುಂದೂಡಬಹುದೇ ಎಂದು ಡಾಕ್ಟರನ್ನು ಕೇಳುತ್ತೇನೆ.

ನಿನ್ನ
ಅವ್ವ