ಕೇಬಲ್ ಇಂಟರ್‌ಕಾಮ್ ಬುಕ್ ಮಾಡಿದ್ದೆ, ವೈರ್‌ಲೆಸ್ ಕಳಿಸಿದಿರಿ: ಬಾಡಿಗೆ ವಾಪಸ್ ಕೊಡಿ

ಇವರಿಗೆ,
ವ್ಯವಸ್ಥಾಪಕರು, ವಿಡಿಯೊ ಸಲಕರಣೆ ಬಾಡಿಗೆ ವಿಭಾಗ

ಮಾನ್ಯರೇ,

ಆರು ಸಲ ಫೋನ್ ಮಾಡಿದೆ. ಎರಡು ಸಲ ದಾವಣಗೆರೆಯಿಂದ ಬಸ್ ಹತ್ತಿ ನಿಮ್ಮ ಬೆಂಗಳೂರು ಆಫೀಸಿಗೇ ಬಂದೆ. ಬಾಯಿಮಾತು ಸಾಕು ಅಂತ ಈಗ ಬರೆಯುತ್ತಿದ್ದೇನೆ.

ಮದುವೆಗೆ ನಾಲ್ಕು ಕ್ಯಾಮೆರಾ, ಯಾವ ಕ್ಯಾಮೆರಾದ ಚಿತ್ರ ಹೋಗಬೇಕು ಅಂತ ಆರಿಸುವ ಒಂದು ಸ್ವಿಚರ್, ಎಲ್‌ಇಡಿ ಪರದೆಗೆ ಲೈವ್. ಕ್ಯಾಮೆರಾದ ಹುಡುಗರ ಜೊತೆ ಮಾತಾಡಲು ನಾನು ಬುಕ್ ಮಾಡಿದ್ದು ಕೇಬಲ್ ಇಂಟರ್‌ಕಾಮ್: ಸೊಂಟಕ್ಕೆ ಸಿಕ್ಕಿಸಿ ಹೆಡ್‌ಸೆಟ್ ಜೋಡಿಸುವ ಐದು ಬೆಲ್ಟ್‌ಪ್ಯಾಕ್, ಅವಕ್ಕೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ 200 ಮೀಟರ್. ಹಿಂದಿನ ಸಂಜೆ ಬಂದ ಪೆಟ್ಟಿಗೆಯಲ್ಲಿ ಇದ್ದದ್ದು 2.4 ಗಿಗಾಹರ್ಟ್ಸ್ ವೈರ್‌ಲೆಸ್ ಹೆಡ್‌ಸೆಟ್. "ಇದು ಲೇಟೆಸ್ಟ್ ಸರ್, ಜಾಸ್ತಿ ದುಡ್ಡೂ ಇಲ್ಲ" ಅಂದರು ನಿಮ್ಮವರು. ಸಾಮಾನು ಬದಲಿಸುವ ಮೊದಲು ಗ್ರಾಹಕರ ಒಪ್ಪಿಗೆ ಬೇಕು ಅಂತ ರಸೀದಿ ಹಿಂದೆ ಅಚ್ಚು ಹಾಕಿಸಿದವರು ನೀವೇ ಅಲ್ವಾ?

ವೈರ್‌ಲೆಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಕೋಲು) ಹಿಡಿದು ಓಡಾಡುವ ಹುಡುಗನಿಗೆ ಅದೇ ಬೇಕು. ಆದರೆ ವೈಫೈ, ಬ್ಲೂಟೂತ್ ಎಲ್ಲ ಓಡುವುದೂ ಅದೇ 2.4ರಲ್ಲಿ. ರಾತ್ರಿ ಖಾಲಿ ಛತ್ರದಲ್ಲಿ ಮಾತು ಚೆನ್ನಾಗಿಯೇ ಕೇಳಿಸಿತ್ತು. ಬೆಳಿಗ್ಗೆ ಸಾವಿರ ಜನ, ಎಲ್ಲರ ಕೈಯಲ್ಲೂ ಫೋನ್. ಸಾಲದ್ದಕ್ಕೆ ಮನುಷ್ಯರ ಮೈಯೇ ಆ ಸಿಗ್ನಲ್ ಹೀರಿಕೊಳ್ಳುತ್ತದೆ. ಕೇಬಲ್‌ಗೆ ಈ ಕಾಟ ಇಲ್ಲ. ಬೆಲ್ಟ್‌ಪ್ಯಾಕಿಗೆ ಕರೆಂಟೂ ಅದೇ ತಂತಿಯಲ್ಲಿ ಬರುತ್ತದೆ, ಬ್ಯಾಟರಿ ಚಿಂತೆಯಿಲ್ಲ. ಅದಕ್ಕೇ ನಾನು ಕೇಬಲ್ ಕೇಳಿದ್ದು.

10:42ಕ್ಕೆ ಗಟ್ಟಿಮೇಳ ಶುರುವಾಯಿತು. ಡೋಲು, ನಾದಸ್ವರದ ನಡುವೆ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಹೆಡ್‌ಸೆಟ್‌ನಲ್ಲಿ ಮಾತು ತುಂಡುತುಂಡಾಯಿತು, ಆಮೇಲೆ ಪೂರ್ತಿ ನಿಂತಿತು. ಎರಡನೇ ಕ್ಯಾಮೆರಾಕ್ಕೆ ಅಡ್ಡ ನೆಂಟರು ಅಕ್ಷತೆ ಹಿಡಿದು ಎದ್ದು ನಿಂತರು. "ಮೂರು, ಮಂಟಪಕ್ಕೆ ತಿರುಗಿಸು" ಅಂತ ಅರಚುತ್ತಲೇ ಇದ್ದೆ. ಮೂರನೇ ಕ್ಯಾಮೆರಾದವನು ಪಾಪ, ಮೊದಲು ಹೇಳಿದ ಹಾಗೆ ಬಾಗಿಲನ್ನೇ ತೋರಿಸುತ್ತಿದ್ದ. ತಾಳಿ ಕಟ್ಟಿದ ಹೊತ್ತಿಗೆ ಪರದೆಯಲ್ಲಿ ಇದ್ದದ್ದು ಯಾರದೋ ಬೆನ್ನು. ಎದ್ದು ಮಂಟಪದ ಹತ್ತಿರ ಹೋಗಲಾಗದ ಹುಡುಗಿಯ ಅಜ್ಜಿ ಆ ಪರದೆಯನ್ನೇ ನಂಬಿಕೊಂಡು ಕೂತಿದ್ದರು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲಿ ಹುಡುಗಿಯ ತಂದೆ.

"ಆನ್ ಮಾಡಿದ್ದೀರಾ?"
"ಮಾಡಿದ್ದೇವೆ."
"ಹಸಿರು ದೀಪ ಬರ್ತಿದೆಯಾ?"
"ಬರ್ತಿದೆ."
"ಹಾಗಾದ್ರೆ ನಮ್ಮ ಕಡೆ ಏನೂ ತಪ್ಪಿಲ್ಲ. ನಿಮ್ಮ ಹುಡುಗರಿಗೆ ಹಾಕ್ಕೊಳ್ಳೋಕೆ ಬರಲ್ಲ ಅನ್ಸುತ್ತೆ. ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರ?"
"ಹತ್ತೊಂಬತ್ತು."

ಆ ಕಡೆ ನಗು ಕೇಳಿಸಿತು. ಲೈನಲ್ಲಿರಿ ಅಂದರು. ಹನ್ನೊಂದು ನಿಮಿಷ ಬರೀ ಟ್ಯೂನ್. ಹುಡುಗಿಯ ತಂದೆ ಏನೂ ಅನ್ನಲಿಲ್ಲ. ಶಲ್ಯ ಸರಿಮಾಡಿಕೊಂಡು ಹೊರಟುಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಾಡಿಗೆ, ಠೇವಣಿ ಎರಡೂ ಏಳು ದಿನದೊಳಗೆ ವಾಪಸ್ ಬರಬೇಕು. ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೊಟ್ಟೆಪಾಡಿಗೆ ಸ್ವಂತ ಕೆಲಸ ಮಾಡುವವನೂ ಗ್ರಾಹಕನೇ. 1915ಕ್ಕೆ ಫೋನ್ ಮಾಡಿ ದೂರು ಬರೆಸಿಯಾಗಿದೆ. ದುಡ್ಡು ಬಂದರೂ ಸರಿ, ಬರದಿದ್ದರೂ ಸರಿ, ನಮ್ಮ ಜಿಲ್ಲೆಯ ಒಬ್ಬ ಕ್ಯಾಮೆರಾದವನೂ ಇನ್ನು ನಿಮ್ಮ ಬಾಗಿಲು ತುಳಿಯದ ಹಾಗೆ ನೋಡಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕನಾಗಿದ್ದವನು