ಕಳ್ಳರ ಕಥೆಗೂ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪುಸ್ತಕದ ಪುಟವನ್ನು ತಪ್ಪದೆ ಓದುತ್ತೇನೆ. ಕವನ ಸಂಕಲನ, ಆತ್ಮಕಥೆ, ಅಭಿನಂದನಾ ಗ್ರಂಥ ಎಲ್ಲವೂ ಇರುತ್ತವೆ. ಸುಮ್ನೆ ಖುಷಿಗೆ ಓದುವ ಪುಸ್ತಕ ಮಾತ್ರ ಅಪರೂಪ.

ತುಮಕೂರು–ಬೆಂಗಳೂರು ರೈಲಿನಲ್ಲಿ ದಿನಾ ಓಡಾಡುವವನು ನಾನು. ಈಚೆಗೆ ಆ ರೈಲಿನಲ್ಲೇ ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’ ಓದಿ ಮುಗಿಸಿದೆ. 2015ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ಕೆಟರ್‌ಡ್ಯಾಮ್ ಎಂಬ ಬಂದರು ಊರಿನ ಆರು ಜನ ಪುಂಡರು, ಯಾರೂ ನುಗ್ಗಲಾಗದ ಐಸ್ ಕೋರ್ಟ್ ಎಂಬ ಕೋಟೆಗೆ ನುಗ್ಗಿ, ಅಲ್ಲಿ ಸೆರೆಯಲ್ಲಿರುವ ವಿಜ್ಞಾನಿಯೊಬ್ಬನನ್ನು ಹಾರಿಸಿಕೊಂಡು ಬರಬೇಕು. ಕೂಲಿ ಅವರ ದುಡ್ಡಿನ ಲೆಕ್ಕದಲ್ಲಿ 3 ಕೋಟಿ!

ಮಜಾ ಇರುವುದು ಕಳ್ಳತನಕ್ಕಿಂತ ಜಾಸ್ತಿ ಆ ಆರು ಜನರಲ್ಲಿ. ನಾಯಕ ಕಾಜ್ ಕುಂಟುತ್ತಾನೆ, ಕೈಗವಸು ತೆಗೆಯುವುದೇ ಇಲ್ಲ, ತನ್ನ ಪ್ಲ್ಯಾನನ್ನು ಜೊತೆಯವರಿಗೂ ಪೂರ್ತಿ ಹೇಳುವುದಿಲ್ಲ. ಇಂಥ ಕಥೆಗಳಲ್ಲಿ ಮೊದಲೇ ಬಾಯಿಬಿಟ್ಟ ಪ್ಲ್ಯಾನ್ ಕೆಡಲೇಬೇಕು ಅಲ್ವಾ? ಹಗ್ಗದ ಮೇಲೆ ನಡೆಯುವುದನ್ನು ಕಲಿತ ಇನೆಜ್ ಎಂಬ ಹುಡುಗಿ ಕಸ ಸುಡುವ ಗೂಡಿನ ಚಿಮಣಿಯೊಳಗೆ ಆರು ಅಂತಸ್ತು ಹತ್ತುತ್ತಾಳೆ. ಕೆಳಗಿನ ಕಾವಿಗೆ ಬೂಟಿನ ರಬ್ಬರ್ ಕರಗುತ್ತಾ ಬರುತ್ತದೆ. ಆ ಪುಟಗಳನ್ನು ಓದುವಾಗ ಪಕ್ಕದವರು ಟೈಮ್ ಕೇಳಿದರೂ ನನಗೆ ಕೇಳಿಸಲಿಲ್ಲ.

ಅಧ್ಯಾಯಗಳು ಒಬ್ಬೊಬ್ಬರ ಕಣ್ಣಿನಿಂದ ಸಾಗುತ್ತವೆ, ಆದರೆ ಆರನೆಯವನಾದ ವೈಲನ್‌ಗೆ ಮಾತ್ರ ಒಂದೂ ಇಲ್ಲ. ಲೇಖಕಿ ಬೇಕಂತಲೇ ಅವನ ಮನಸ್ಸನ್ನು ಮುಚ್ಚಿಟ್ಟಿದ್ದಾರೆ ಅಂತ ಕೊನೆಗೆ ಹೋದಾಗ ನನಗನ್ನಿಸಿತು. ಒಂದು ತಕರಾರೂ ಇದೆ: ಕಾಜ್‌ಗೆ 17 ವರ್ಷವಂತೆ, ಮಾತು ಮಾತ್ರ ನಲವತ್ತು ದಾಟಿದವನದು. ಹೋಗಲಿ ಬಿಡಿ.

ಇಂಥದ್ದು ನಮಗೆ ಹೊರಗಿನ ಸರಕು ಅಂತ ಯಾರೂ ಮೂಗು ಮುರಿಯಬೇಕಾಗಿಲ್ಲ. ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ಹಗಲೆಲ್ಲ ಕುಷ್ಠರೋಗಿಯ ವೇಷ, ರಾತ್ರಿಯಾದರೆ ಮಂತ್ರವಿದ್ಯೆಯ ಬಲದಿಂದ ಕಳ್ಳತನ. ಅವನನ್ನು ಹಿಡಿಯಬೇಕಾದ ತಳವಾರನೇ ಅವನ ಹಳೆಯ ಗೆಳೆಯ! ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಇಷ್ಟೆಲ್ಲ ಇತ್ತು.

ಇಂಥ ಕಥೆ ನಡೆಯುವ ಜಾಗಕ್ಕೇನು ನಮ್ಮಲ್ಲಿ ಬರವೇ? ಮಧುಗಿರಿ ಕೋಟೆ ಹತ್ತಿದವರಿಗೆ ಗೊತ್ತು, ಬಾಗಿಲ ಮೇಲೆ ಬಾಗಿಲು, ಆಮೇಲೆ ಬರೀ ನುಣ್ಣನೆ ಬಂಡೆ, ಅದರಲ್ಲಿ ಕಾಲಿಡುವಷ್ಟೇ ಕೊರೆದ ಮೆಟ್ಟಿಲು. ಅಲ್ಲಿಗೆ ರಾತ್ರಿ ಕಾವಲು ತಪ್ಪಿಸಿ ಹತ್ತಬೇಕಾದ ಐದಾರು ಜನರನ್ನು ಊಹಿಸಿಕೊಳ್ಳಿ. ಒಬ್ಬ ಬೀಗದ ಕೈ ಮಾಡುವವನು, ಒಬ್ಬಳು ಜೇನು ಬಿಡಿಸುವವಳು, ಒಬ್ಬ ಮಾತಲ್ಲೇ ಮರುಳು ಮಾಡುವವನು, ಮಾಟಕ್ಕೊಬ್ಬ ಅಜ್ಜಿ. ನಮ್ಮ ಯುವ ಲೇಖಕರು ಯಾರಾದರೂ ಇದನ್ನು ಬರೆದುಕೊಟ್ಟರೆ ಪುರವಣಿಯಲ್ಲಿ ಧಾರಾವಾಹಿಯಾಗಿ ಹಾಕಿ ಸ್ವಾಮಿ, ಜಾಹೀರಾತು ಜಾಸ್ತಿ ಬಂತು ಅಂತ ಮಧ್ಯದಲ್ಲಿ ಒಂದು ಕಂತು ಮಾತ್ರ ತಪ್ಪಿಸಬೇಡಿ.

ಇತಿ,
ನಿಮ್ಮ ಓದುಗ,
ಶಿರಾ ಗೇಟ್, ತುಮಕೂರು