ಚಿತ್ರ ಅಂಟಿಸಿದರೆ ಅದು ಚಿಹ್ನೆ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ಸಂಗೀತ ಬರೆಯುವ ಸಾಫ್ಟ್‌ವೇರ್‌ಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಸಾಲು ಮಾತ್ರ ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಇನ್ನೂ ಕೂತಿದೆ. ಬೇಕಾದ ಚಿಹ್ನೆ ಸಾಫ್ಟ್‌ವೇರ್‌ನಲ್ಲಿ ಇಲ್ಲದಿದ್ದರೆ ಅದರ ಚಿತ್ರ ಬರೆದು ಪುಟದ ಮೇಲೆ ಅಂಟಿಸಿ, ಕೆಲಸ ಮುಗಿಯಿತು ಅಂತ ಬರೆದಿದ್ದರು. ಮುಗಿಯುವುದಿಲ್ಲ ಸ್ವಾಮಿ. ತೊಂದರೆ ಶುರುವಾಗುವುದೇ ಅಲ್ಲಿಂದ.

ನಾನು ಹಾಗೆ ಮಾಡಿ ಕೈ ಸುಟ್ಟುಕೊಂಡವನು. ಫ್ಲೂಟಿಗೆ ಒಂದು ರಚನೆ ಬರೆಯುತ್ತಿದ್ದೆ. ಅದರಲ್ಲಿ ಮಾಮೂಲಿ ಅಲ್ಲದ ಮೂರು ಸದ್ದು ಬೇಕಿತ್ತು. ಸ್ವರವೇ ಇಲ್ಲದ ಬರೀ ಗಾಳಿ ಒಂದು. ಊದುತ್ತಾ ತುಟಿಯ ಬಿಗಿಯನ್ನು ಸಡಿಲ ಮಾಡುವುದು ಇನ್ನೊಂದು. ಮೂರನೆಯದು, ಗಾಳಿ ಬಿಡುತ್ತಲೇ ಬಾಯೊಳಗೆ 'ಸ'ದಿಂದ 'ಶ'ಕ್ಕೆ ಜಾರುವುದು. ಮೂರಕ್ಕೂ ಪುಟ್ಟ ಪುಟ್ಟ ಚಿತ್ರ ಬರೆದೆ, ಬೇಕಾದ ಕಡೆಯೆಲ್ಲ ಅಂಟಿಸಿದೆ, ಒಂದು ಇಡೀ ಸಂಜೆ ಅದಕ್ಕೇ ಹೋಯಿತು, ನೋಡಲು ಬಹಳ ಚೆಂದ ಕಾಣುತ್ತಿತ್ತು ಅಂತ ನಾನೇ ಬೆನ್ನು ತಟ್ಟಿಕೊಂಡೆ. ಆಮೇಲೆ ನುಡಿಸುವವರು ಅಕ್ಷರ ಚಿಕ್ಕದಾಯ್ತು, ಸ್ವಲ್ಪ ದೊಡ್ಡದು ಮಾಡಿಕೊಡಿ ಅಂದರು. ದೊಡ್ಡದು ಮಾಡಿದೆ. ಸಾಲುಗಳು ಹೊಸದಾಗಿ ಮುರಿದು ಕೆಳಗಿಳಿದವು, ಸ್ವರಗಳೆಲ್ಲ ತಮ್ಮ ಸಾಲಿನ ಜೊತೆ ಹೋದವು, ನನ್ನ ಚಿತ್ರಗಳು ಮಾತ್ರ ಇದ್ದಲ್ಲೇ ನಿಂತಿದ್ದವು, ಬಸ್ಸು ಹೋದ ಮೇಲೂ ಸ್ಟಾಪಿನಲ್ಲಿ ಕಾಯುವವರ ಹಾಗೆ. ಎಲ್ಲ ಮತ್ತೆ ಜೋಡಿಸಿ ಫೈಲ್ ಕಳಿಸಿದರೆ, ಅವರ ಹತ್ತಿರ ಇದ್ದದ್ದು ಬೇರೆ ಸಾಫ್ಟ್‌ವೇರ್. ಅದರಲ್ಲಿ ಒಂದು ಚಿತ್ರವೂ ಇಲ್ಲ. ಪಾಪ, ಅವರು ಎಲ್ಲವನ್ನೂ ಸಾದಾ ಸ್ವರ ಅಂತಲೇ ಅಭ್ಯಾಸ ಮಾಡಿಕೊಂಡು ಬಂದಿದ್ದರು. ತಪ್ಪು ಅವರದ್ದಲ್ಲ, ನನ್ನದು.

ಯಾಕೆ ಹೀಗಾಗುತ್ತದೆ ಅಂದರೆ, ಸಾಫ್ಟ್‌ವೇರ್‌ಗೆ ಚಿತ್ರ ಅಂದರೆ ಚಿತ್ರ, ಅಷ್ಟೇ. ಸ್ವರವನ್ನು ಮೊಟಕಾಗಿ ನುಡಿಸಿ ಅನ್ನುವ ಸ್ಟಕಾಟೊ ಚುಕ್ಕಿ ಹಾಕಿದರೆ ಅದು ಯಾವ ಸ್ವರಕ್ಕೆ ಸೇರಿದ್ದು, ಸ್ವರದ ಗುಂಡು ತಲೆಗೆ ತಗಲಿದ ಕಂಬಿ ಮೇಲಕ್ಕಿದ್ದರೆ ಚುಕ್ಕಿ ಎಲ್ಲಿ ಬರಬೇಕು, ನುಡಿಸುವಾಗ ಎಷ್ಟು ಮೊಟಕು ಮಾಡಬೇಕು, ಎಲ್ಲ ಅದಕ್ಕೆ ಗೊತ್ತು. ನಾವು ಅಂಟಿಸಿದ ಚಿತ್ರದ ಬಗ್ಗೆ ಏನೂ ಗೊತ್ತಿಲ್ಲ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಚಿತ್ರವನ್ನು ಪುಟಕ್ಕೆ ಬದಲು ಸ್ವರಕ್ಕೇ ತಗಲಿಸಬಹುದು, ಅಷ್ಟು ಮಾಡಿದರೂ ಅರ್ಧ ಕಷ್ಟ ತಪ್ಪುತ್ತದೆ. ಆದರೂ ಅದರ ಅರ್ಥ ಏನು ಅಂತ ಫೈಲಿನಲ್ಲಿ ಎಲ್ಲೂ ಇರುವುದಿಲ್ಲ. ಕಣ್ಣು ಕಾಣದವರಿಗೆ ಅಂತ ಆ ಫೈಲನ್ನು ಬ್ರೈಲ್ ಸಂಗೀತಕ್ಕೆ ಬದಲಿಸಲು ಹೋದರೆ ಮೊದಲು ಮಾಯವಾಗುವುದು ಇಂಥ ಚಿತ್ರಗಳೇ.

ಇದು ಹೊಸ ತಲೆನೋವೂ ಅಲ್ಲ. 1980ರ ದಶಕದಲ್ಲಿ ಅಡೋಬಿ ಕಂಪನಿ ಸೊನಾಟಾ ಅಂತ ಒಂದು ಸಂಗೀತದ ಫಾಂಟ್ ತಂದಿತು. ಅದರಲ್ಲಿ ಕೀಬೋರ್ಡಿನ ಒಂದೊಂದು ಕೀಲಿಗೂ ಒಂದೊಂದು ಚಿಹ್ನೆ. ಇಂಗ್ಲಿಷಿನ ಕ್ಯೂ ಒತ್ತಿದರೆ ಕ್ವಾರ್ಟರ್ ನೋಟ್, ಆಂಪರ್‌ಸ್ಯಾಂಡ್ (&) ಒತ್ತಿದರೆ ಸಾಲಿನ ಶುರುವಿನಲ್ಲಿ ಬರುವ ಟ್ರೆಬಲ್ ಕ್ಲೆಫ್, ಯಾಕಂದರೆ ಎರಡೂ ನೋಡಲು ಸ್ವಲ್ಪ ಒಂದೇ ಥರ, ಅಲ್ವಾ? ಜಾಣತನದ ಕೆಲಸವೇ. ಆದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಸಂಗೀತದ ಜಾಗದಲ್ಲಿ ಬರೀ ಕ್ಯೂ ಮತ್ತು ಆಂಪರ್‌ಸ್ಯಾಂಡ್. ಆಮೇಲೆ ಒಬ್ಬೊಬ್ಬರೂ ಒಂದೊಂದು ಫಾಂಟ್ ಮಾಡಿ ತಮಗೆ ತೋಚಿದ ಕೀಲಿಯಲ್ಲಿ ತಮಗೆ ತೋಚಿದ ಚಿಹ್ನೆ ಇಟ್ಟರು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರಿನ ಮನೆ ಕೊಡುವ ಯೂನಿಕೋಡ್‌ನವರು 2001ರಲ್ಲಿ ಇನ್ನೂರು ಚಿಲ್ಲರೆ ಸಂಗೀತ ಚಿಹ್ನೆಗಳನ್ನು ಸೇರಿಸಿಕೊಂಡರು, ಆದರೆ ಈಗಿನ ಸಂಗೀತ ಬರೆಯುವವರಿಗೆ ಅದು ಯಾವ ಮೂಲೆಗೂ ಸಾಲದು.

ಈ ಗೊಂದಲಕ್ಕೆ ಒಂದು ದಾರಿ ಸಿಕ್ಕಿದ್ದು 2013ರಲ್ಲಿ. ಆಗ ಸ್ಟೈನ್‌ಬರ್ಗ್ ಕಂಪನಿಯಲ್ಲಿ ಡೊರಿಕೊ ಸಾಫ್ಟ್‌ವೇರ್ ಕಟ್ಟುತ್ತಿದ್ದ ಡೇನಿಯಲ್ ಸ್ಪ್ರೆಡ್‌ಬರಿ ಸ್ಮೂಫಲ್ ಅನ್ನುವ ಸಂಗೀತ ಚಿಹ್ನೆಗಳ ಪಟ್ಟಿಯನ್ನು ಹೊರತಂದರು. ಅದರ ಜೊತೆಗೆ ಬ್ರವೂರಾ ಅನ್ನುವ ಫಾಂಟ್, ಉಚಿತವಾಗಿ. ಯೂನಿಕೋಡ್‌ನ ಮುಖ್ಯ ಭಾಗದಲ್ಲಿ ಯಾರು ಏನು ಬೇಕಾದರೂ ಇಟ್ಟುಕೊಳ್ಳಲಿ ಅಂತ 6,400 ಮನೆಗಳನ್ನು ಖಾಲಿ ಬಿಟ್ಟಿದ್ದಾರೆ. ಸ್ಮೂಫಲ್ ಅಲ್ಲಿ ಹೋಗಿ ಕೂತು, ಯಾವ ಮನೆಯಲ್ಲಿ ಯಾವ ಚಿಹ್ನೆ ಅಂತ ಗೊತ್ತು ಮಾಡಿತು. ಎರಡು ಸಾವಿರಕ್ಕೂ ಜಾಸ್ತಿ ಚಿಹ್ನೆಗಳಿವೆ. ಟ್ರೆಬಲ್ ಕ್ಲೆಫ್ ಇ050 ಅಂದರೆ ಈ ಪಟ್ಟಿ ಒಪ್ಪಿದ ಎಲ್ಲ ಫಾಂಟ್‌ನಲ್ಲೂ ಇ050. ಪರ್ಷಿಯನ್ ಸಂಗೀತದ ಕೊರೊನ್ ಮತ್ತು ಸೋರಿ ಅನ್ನುವ ಶ್ರುತಿ ಚಿಹ್ನೆಗಳಿವೆ, ತುರ್ಕಿ ಸಂಗೀತದ ಸಣ್ಣ ಸಣ್ಣ ಶ್ರುತಿಭೇದದ ಚಿಹ್ನೆಗಳಿವೆ, ಗಾಳಿವಾದ್ಯದವರ ತುಟಿ ಬಿಗಿಗೂ ಉಸಿರಿನ ಒತ್ತಡಕ್ಕೂ ಚಿಹ್ನೆಗಳಿವೆ.

ಹೌದು, ತುಟಿ ಬಿಗಿಗೂ ಇದೆ. ನಾನು ಒಂದು ಸಂಜೆ ಕೂತು ಬರೆದ ಚಿತ್ರ ಅಲ್ಲಿ ಮೊದಲೇ ಇತ್ತು, ನನ್ನದಕ್ಕಿಂತ ಚೆನ್ನಾಗಿಯೂ ಇತ್ತು. ಬರೀ ಗಾಳಿಗೆ ಗುಣಿಸು ಗುರುತಿನಂಥ ನೋಟ್ ತಲೆ ಸಾಕಾಯಿತು. ಮೂರರಲ್ಲಿ ಎರಡಕ್ಕೆ ನಾನು ಪಟ್ಟ ಪಾಡು ಸುಮ್ನೆ ವ್ಯರ್ಥ.

ಉಳಿದ ಒಂದು, ಆ 'ಸ'ದಿಂದ 'ಶ'. ಅದು ಹುಡುಕಿದರೂ ಸಿಗಲಿಲ್ಲ. ನನ್ನದೇ ಮಾಡಬೇಕಾಯಿತು, ಮಾಡಿದೆ, ಆದರೆ ಈ ಸಲ ಫಾಂಟಿನೊಳಗೆ. ಫಾಂಟ್‌ಫೋರ್ಜ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಬ್ರವೂರಾ ತೆಗೆದು ಒಂದು ಖಾಲಿ ಮನೆಯಲ್ಲಿ ಬರೆಯಬಹುದು. ಪಟ್ಟಿಯ ಕೊನೆಯ 1,280 ಮನೆಗಳನ್ನು ಫಾಂಟ್ ಮಾಡುವವರ ಸ್ವಂತಕ್ಕೇ ಬಿಟ್ಟಿದ್ದಾರೆ, ಬ್ರವೂರಾ ಅದರಲ್ಲಿ ಕೆಲವನ್ನು ಆಗಲೇ ಹಿಡಿದುಕೊಂಡಿದೆ, ನೋಡಿಕೊಂಡು ಖಾಲಿ ಇರುವುದನ್ನು ಆರಿಸಬೇಕು. ಇನ್ನೊಂದು ಮಾತು, ತಿದ್ದಿದ ಫಾಂಟನ್ನು ಹಂಚುವಾಗ ಬ್ರವೂರಾ ಅನ್ನುವ ಹೆಸರನ್ನೇ ಇಟ್ಟುಕೊಳ್ಳುವ ಹಾಗಿಲ್ಲ. ಲೈಸೆನ್ಸ್‌ನಲ್ಲಿ ಹಾಗೆ ಬರೆದಿದೆ. ಬೇರೆ ಹೆಸರು ಕೊಡಿ.

ಬರೆಯುವಾಗ ಎಲ್ಲರೂ ಎಡವುವುದು ಅಳತೆಯಲ್ಲಿ. ಸ್ಮೂಫಲ್ ಲೆಕ್ಕದಲ್ಲಿ ಫಾಂಟಿನ ಪೂರ್ತಿ ಎತ್ತರ ಅಂದರೆ ಸ್ವರ ಬರೆಯುವ ಐದು ಗೆರೆಗಳ, ಅಂದರೆ ಸ್ಟಾಫಿನ, ಎತ್ತರ, ಅಂದರೆ ನಾಲ್ಕು ಸಂದು. ಫಾಂಟಿನಲ್ಲಿ ಅದು 1,000 ಅಂತ ಇದ್ದರೆ ಒಂದು ಸಂದು 250. ನೋಟ್ ತಲೆ ಮಾಡುತ್ತಿದ್ದರೆ ಅದರ ನಡುಮಧ್ಯ ಸೊನ್ನೆಯ ಗೆರೆಯ ಮೇಲೆ ಬರಬೇಕು. ಮಾಮೂಲಿ ಅಕ್ಷರದ ಹಾಗೆ ಗೆರೆಯ ಮೇಲೆ ಕೂರಿಸಿದಿರೋ, ಎಲ್ಲ ಸ್ವರವೂ ಅರ್ಧ ಸಂದು ಮೇಲೆ ತೇಲುತ್ತದೆ. ನೋಟ್ ತಲೆಗೆ ಕಂಬಿ ಎಲ್ಲಿ ತಾಗಬೇಕು ಅನ್ನುವುದನ್ನೂ ಫಾಂಟಿನ ಜೊತೆ ಬರುವ ಇನ್ನೊಂದು ಫೈಲಿನಲ್ಲಿ ಹೇಳಬೇಕು, ಹೇಳದಿದ್ದರೆ ಕಂಬಿ ಪಕ್ಕದಲ್ಲಿ ಅನಾಥವಾಗಿ ನಿಲ್ಲುತ್ತದೆ. ದಪ್ಪದ ವಿಷಯಕ್ಕೆ ಬಂದರೆ, ಬ್ರವೂರಾದಲ್ಲಿ ಸ್ಟಾಫಿನ ಗೆರೆ ಒಂದು ಸಂದಿನ 0.13ರಷ್ಟು. ಸ್ಟಾಫ್ 7 ಮಿಲಿಮೀಟರ್ ಎತ್ತರ ಅಂದುಕೊಂಡರೆ ಅದು ಕಾಲು ಮಿಲಿಮೀಟರಿಗೂ ಕಡಿಮೆ. ಅದಕ್ಕಿಂತ ತೆಳ್ಳಗೆ ಬರೆದರೆ ಪರದೆಯ ಮೇಲೆ ನಾಜೂಕಾಗಿ ಕಾಣುತ್ತದೆ, ಕಾಗದದ ಮೇಲೆ ಬಂದಾಗ ಸ್ಟ್ಯಾಂಡ್ ಮೇಲಿಟ್ಟು ಓದುವವರಿಗೆ ಏನೂ ಕಾಣಲ್ಲ.

ಫಾಂಟ್ ಆದ ಮೇಲೆ ಅದನ್ನು ಸಾಫ್ಟ್‌ವೇರ್‌ಗೆ ಪರಿಚಯ ಮಾಡಿಸಬೇಕು. ಡೊರಿಕೊದಲ್ಲಿ ನುಡಿಸುವ ವಿಧಾನ ಅಂತ ಹೊಸದೊಂದನ್ನು ಮಾಡಿ ಅದಕ್ಕೆ ನಮ್ಮ ಚಿಹ್ನೆ ಕೊಡಬಹುದು. ಸಿಬೇಲಿಯಸ್‌ನಲ್ಲಿ ಚಿಹ್ನೆಗಳ ಪಟ್ಟಿಯನ್ನೇ ತಿದ್ದಬಹುದು. ಮ್ಯೂಸ್‌ಸ್ಕೋರ್‌ನಲ್ಲಿ ನಮ್ಮ ಫಾಂಟಿನ ಪಠ್ಯವಾಗಿ ಹಾಕಿ ಪ್ಯಾಲೆಟ್‌ನಲ್ಲಿ ಇಟ್ಟುಕೊಳ್ಳಬಹುದು. ಕೋಡ್ ಬರೆಯಲು ಬೇಜಾರಿಲ್ಲದವರಿಗೆ ಲಿಲಿಪಾಂಡ್ ಇದೆ.

ಇಷ್ಟೆಲ್ಲ ಯಾರಿಗೆ ಬೇಕು, ನನ್ನ ಕಂಪ್ಯೂಟರಿನಲ್ಲಿ ಚಿತ್ರ ಚೆನ್ನಾಗೇ ಇದೆಯಲ್ಲ ಅನ್ನುವವರಿಗೆ ಫಿನಾಲೆಯ ಕಥೆ ನೆನಪಿಸುತ್ತೇನೆ. 1988ರಿಂದ ಇದ್ದ ಸಾಫ್ಟ್‌ವೇರ್ ಅದು. 2024ರ ಆಗಸ್ಟ್‌ನಲ್ಲಿ ಇನ್ನು ಮುಂದೆ ಬೆಳೆಸುವುದಿಲ್ಲ ಅಂತ ಅದರ ಕಂಪನಿಯೇ ಹೇಳಿತು. ಬಹಳ ಜನ ತಮ್ಮ ಹಳೆಯ ಫೈಲುಗಳನ್ನು, ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ಅನ್ನುವ ಫೈಲ್ ರೂಪದ ಮೂಲಕ ಬೇರೆ ಕಡೆ ಸಾಗಿಸಬೇಕಾಯಿತು. ಸ್ವರ, ತಾಳ, ಸಾಹಿತ್ಯ ಬರುತ್ತದೆ. ಫಿನಾಲೆಯೊಳಗೇ ಕೈಯಿಂದ ಬರೆದ ಆಕಾರಗಳು ಬರುವುದು ಕಷ್ಟ. ಅದೇ ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿ 2017ರಿಂದ ಸ್ಮೂಫಲ್ ಚಿಹ್ನೆಯ ಹೆಸರನ್ನು ಬರೆದಿಡಲು ಜಾಗ ಇದೆ. ಎಲ್ಲ ಸಾಫ್ಟ್‌ವೇರೂ ಅದನ್ನು ಸರಿಯಾಗಿ ಓದುತ್ತದೆ ಅಂತ ಹೇಳಲಾರೆ, ಓದದೆ ಇರುವುದೂ ಉಂಟು. ಆದರೆ ಹೆಸರು ಇದ್ದರೆ ನಾಳೆ ಯಾರಾದರೂ ಹುಡುಕಿ ಸರಿ ಮಾಡಬಹುದು.

ಚಿಹ್ನೆ ಹುಟ್ಟಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ತಂತಿಯನ್ನು ಎಳೆದು ಬಿಟ್ಟು ಹಲಗೆಗೆ ಫಟ್ ಅಂತ ಬಡಿಸುವುದಕ್ಕೆ ಒಂದು ಸೊನ್ನೆ, ಅದರ ಮೇಲೆ ಒಂದು ಗೀಟು ಹಾಕುತ್ತಾರಲ್ಲ, ಅದನ್ನು ಇವತ್ತಿಗೂ ರಚನೆಕಾರ ಬಾರ್ಟೋಕ್ ಹೆಸರಲ್ಲೇ ಬಾರ್ಟೋಕ್ ಪಿಟ್ಸಿಕಾಟೊ ಅಂತಲೇ ಕರೆಯುತ್ತಾರೆ. ಪೋಲೆಂಡಿನ ರಚನೆಕಾರ ಪೆಂಡೆರೆಟ್ಸ್ಕಿ 1960ರಲ್ಲಿ 52 ತಂತಿವಾದ್ಯಗಳಿಗೆ ಬರೆದಾಗ, ಆ ವಾದ್ಯದಲ್ಲಿ ಎಷ್ಟು ಮೇಲಕ್ಕೆ ಹೋಗಲು ಆಗುತ್ತದೋ ಅಷ್ಟು ಮೇಲಿನ ಸ್ವರ ಅನ್ನಲು ಕಪ್ಪು ತ್ರಿಕೋನ ಹಾಕಿದರು. ನೋಡಿದ ಕೂಡಲೇ ಮೇಲಕ್ಕೆ ಅಂತ ಗೊತ್ತಾಗುತ್ತದೆ. ಜೊತೆಗೆ ಯಾವ ಚಿಹ್ನೆಗೆ ಏನು ಅರ್ಥ ಅಂತ ಮೊದಲ ಪುಟದಲ್ಲೇ ಪಟ್ಟಿ ಕೊಟ್ಟರು. ಈ ಪಟ್ಟಿಯನ್ನು ನಮ್ಮಲ್ಲಿ ಬಹಳ ಮಂದಿ ಮರೆಯುತ್ತಾರೆ, ನಾನೂ ಮರೆತಿದ್ದೆ. ಅದು ಇದ್ದಿದ್ದರೆ ಚಿತ್ರಗಳು ಕಾಣೆಯಾದದ್ದು ಆ ಫ್ಲೂಟಿನವರಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಈಗ ನನ್ನ ರಚನೆಯಲ್ಲಿ ಸ್ವಂತ ಚಿಹ್ನೆ ಒಂದೇ ಒಂದು. ಮೊದಲ ಪುಟದಲ್ಲಿ ಅದರ ಪಕ್ಕ ಒಂದೂವರೆ ಸಾಲಿನ ವಿವರಣೆ. ಪಿಡಿಎಫ್ ಮಾಡುವಾಗ ಫಾಂಟನ್ನು ಒಳಗೇ ಸೇರಿಸಿ ಕಳಿಸಿದೆ. ಈ ಸಲ ಅವರಿಂದ ಫೋನ್ ಬಂದಿದ್ದು ಚಿಹ್ನೆ ಕಾಣುತ್ತಿಲ್ಲ ಅಂತ ಅಲ್ಲ, 'ಶ' ಎಷ್ಟು ಹೊತ್ತು ಎಳೆಯಬೇಕು ಅಂತ ಕೇಳಲು.

ಮುಂದಿನ ವಾರ ಆ ಲೇಖನಕ್ಕೆ ಒಂದು ಚಿಕ್ಕ ತಿದ್ದುಪಡಿ ಹಾಕುವಿರಾ? ಜಾಸ್ತಿ ಜಾಗ ಬೇಡ. 'ಅಂಟಿಸುವ ಮೊದಲು ಸ್ಮೂಫಲ್ ಪಟ್ಟಿಯಲ್ಲಿ ಹುಡುಕಿ' ಅಂತ ಐದು ಪದ ಸಾಕು.

ಇತಿ,
ನಿಮ್ಮ ಒಬ್ಬ ಓದುಗ